ಅನುಮತಿಯ ಮಾತು ಇಂಗ್ಲಿಷ್‌ನಲ್ಲಿರಲಿ, ಪಾಠ ಕನ್ನಡದಲ್ಲಾಗಲಿ

ವಿಮಾನ ನಿಲ್ದಾಣದ ನಿಯಂತ್ರಣ ಗೋಪುರ ಎಂದೊಡನೆ ನಮಗೆ ನೆನಪಾಗುವುದು ವಿಮಾನ ಏರಿಸುವ, ಇಳಿಸುವ ಅಪ್ಪಣೆ. ಆದರೆ ವಿಮಾನ ನಿಂತಲ್ಲಿಂದ ಕದಲುವುದಕ್ಕೂ ಮುಂಚೆ ಪೈಲಟ್ ಮತ್ತು ನಿಯಂತ್ರಕರ ನಡುವೆ ಇನ್ನೊಂದು ಮಾತುಕತೆ ಮುಗಿದಿರುತ್ತದೆ. ಎಲ್ಲಿಗೆ, ಯಾವ ದಾರಿಯಲ್ಲಿ, ಮೊದಲಿಗೆ ಎಷ್ಟು ಎತ್ತರದವರೆಗೆ ಹೋಗಬಹುದು ಎಂಬುದನ್ನು ಗೊತ್ತುಮಾಡುವ ಈ ಕೆಲಸಕ್ಕೆ ಕ್ಲಿಯರೆನ್ಸ್ ಡೆಲಿವರಿ ಎಂದು ಹೆಸರು. ಬೆಂಗಳೂರಿನ ಕೆಂಪೇಗೌಡ ನಿಲ್ದಾಣದಂಥ ದಟ್ಟಣೆಯ ಜಾಗದಲ್ಲಿ ಇದಕ್ಕೆಂದೇ ಪ್ರತ್ಯೇಕ ತರಂಗಾಂತರ ಇರುತ್ತದೆ. ಮೈಸೂರಿನ ಮಂಡಕಳ್ಳಿಯಂಥ ಸಣ್ಣ ನಿಲ್ದಾಣದಲ್ಲಿ ಟವರ್‌ನವರೇ ಇದನ್ನೂ ನೋಡಿಕೊಳ್ಳುತ್ತಾರೆ. ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಹವ್ಯಾಸಿಗಳು ಕಟ್ಟಿಕೊಂಡಿರುವ ಜಾಗತಿಕ ಜಾಲಗಳಲ್ಲಿ, 2001ರಲ್ಲಿ ಶುರುವಾದ ವ್ಯಾಟ್‌ಸಿಮ್‌ನಂಥ ಕಡೆ, ಒಬ್ಬರು ಪೈಲಟ್ ಆದರೆ ಇನ್ನೊಬ್ಬರು ನಿಯಂತ್ರಕರಾಗಿ ಕೂರುತ್ತಾರೆ. ಹೊಸ ನಿಯಂತ್ರಕರನ್ನು ಅಲ್ಲಿ ಮೊದಲು ಪಳಗಿಸುವುದು ಈ ಡೆಲಿವರಿ ಕೆಲಸದಲ್ಲೇ. ನಮ್ಮ ಗಡಿ ಜಿಲ್ಲೆಯ ಉಡಿಗಾಲದಂಥ ಊರುಗಳಿಂದ ಚಾಮರಾಜನಗರಕ್ಕೋ ಗುಂಡ್ಲುಪೇಟೆಗೋ ಓದಲು ಬರುವ ವಿಜ್ಞಾನದ ವಿದ್ಯಾರ್ಥಿಗಳಿಗೂ ಈ ತರಬೇತಿ ಸಿಗಬೇಕು. ರೇಡಿಯೊದಲ್ಲಿ ಆಡುವ ಮಾತು ಇಂಗ್ಲಿಷ್ ಆಗಿಯೇ ಇರಲಿ, ಆ ಮಾತಿನ ಹಿಂದಿನ ಕಾರಣವನ್ನು ಮಾತ್ರ ಕನ್ನಡದಲ್ಲಿ ತಿಳಿಹೇಳಬೇಕು ಎಂಬುದು ಈ ಲೇಖನದ ವಾದ.

ಮೊದಲು ಡೆಲಿವರಿಯವರು ಕೊಡುವ ಅನುಮತಿಯಲ್ಲಿ ಏನೇನು ಇರುತ್ತದೆ ಎಂದು ನೋಡೋಣ. ತಲುಪಬೇಕಾದ ನಿಲ್ದಾಣ, ಹೋಗುವ ಮಾರ್ಗ, ಆರಂಭದ ಎತ್ತರ, ಮುಂದೆ ಯಾರೊಡನೆ ಮಾತಾಡಬೇಕೋ ಅವರ ತರಂಗಾಂತರ, ಕೊನೆಗೆ ರಾಡಾರ್ ತೆರೆಯ ಮೇಲೆ ವಿಮಾನವನ್ನು ಗುರುತಿಸಲು ನಾಲ್ಕಂಕಿಯ ಸ್ಕ್ವಾಕ್ ಸಂಕೇತ. ಸ್ಥಳಕ್ಕೆ ತಕ್ಕಂತೆ ಹೆಚ್ಚುಕಡಿಮೆ ಆದರೂ ಹುರುಳು ಇಷ್ಟೇ. ಪ್ರತಿಯೊಂದಕ್ಕೂ ಕಾರಣವಿದೆ. ಮಾರ್ಗವನ್ನೂ ಎತ್ತರವನ್ನೂ ನೆಲದ ಮೇಲಿರುವಾಗಲೇ ಹೇಳಿಬಿಡುವುದರಿಂದ, ಏರಿದ ಮೇಲೆ ರೇಡಿಯೊ ಕೆಟ್ಟರೂ ಆ ವಿಮಾನ ಎತ್ತ ಹೋಗುತ್ತದೆ ಎಂಬ ಅಂದಾಜು ಕೆಳಗಿನವರಿಗೆ ಇರುತ್ತದೆ. ಸ್ಕ್ವಾಕ್‌ನಲ್ಲಿ 8 ಮತ್ತು 9 ಎಂಬ ಅಂಕಿಗಳೇ ಇಲ್ಲ. 0ಯಿಂದ 7ರವರೆಗಿನ ಎಂಟು ಅಂಕಿಗಳು ನಾಲ್ಕು ಸ್ಥಾನಗಳಲ್ಲಿ ಕೂತು ಒಟ್ಟು 4096 ಸಂಕೇತಗಳಾಗುತ್ತವೆ. ಅದರಲ್ಲಿ 7500 ಅಪಹರಣಕ್ಕೆ, 7600 ರೇಡಿಯೊ ವೈಫಲ್ಯಕ್ಕೆ, 7700 ತುರ್ತು ಸ್ಥಿತಿಗೆ ಮೀಸಲು. ಗಣಿತ ಓದಿದವರಿಗೆ ಇದು ಕನ್ನಡದಲ್ಲಿ ಹತ್ತು ನಿಮಿಷದ ಪಾಠ. ಇಡೀ ಅನುಮತಿಯನ್ನು ಪೈಲಟ್ ತಿರುಗಿ ಒಪ್ಪಿಸಬೇಕು, ನಿಯಂತ್ರಕರು ಅದನ್ನು ಕಿವಿಗೊಟ್ಟು ಕೇಳಿ ತಪ್ಪಿದ್ದರೆ ತಿದ್ದಬೇಕು. ಬೆಂಗಳೂರು, ಮಂಗಳೂರು ಎಂಬ ಎರಡು ಹೆಸರುಗಳನ್ನು ಗೊರಗುಟ್ಟುವ ರೇಡಿಯೊದಲ್ಲಿ ಒಮ್ಮೆ ಊಹಿಸಿಕೊಳ್ಳಿ. ಈ ಒಪ್ಪಿಸುವ ಪದ್ಧತಿ ಏಕೆ ಬೇಕೆಂದು ತಿಳಿಯುತ್ತದೆ. ಡೆಲಿವರಿಯಲ್ಲಿ ಕೂತವರ ಕೆಲಸದಲ್ಲಿ ಹೇಳುವುದರಷ್ಟೇ ಪಾಲು ಕೇಳಿಸಿಕೊಳ್ಳುವುದಕ್ಕೂ ಇದೆ.

ಕಾರಣ ತಿಳಿಯದೆ ಮಾತನ್ನಷ್ಟೇ ಕಲಿತರೆ ಏನಾಗುತ್ತದೆ ಎಂಬುದನ್ನು ತಿಳಿಯಲು ವಿಮಾನಯಾನದ ಇತಿಹಾಸದಲ್ಲೇ ಅತಿ ದೊಡ್ಡ ಅಪಘಾತದ ನಂತರ ಬದಲಾದ ನಿಯಮವನ್ನು ನೋಡಬೇಕು. 1977ರ ಮಾರ್ಚ್ 27ರಂದು ಟೆನೆರೀಫ್ ದ್ವೀಪದ ರನ್‌ವೇಯಲ್ಲಿ ಕೆಎಲ್‌ಎಂ ಮತ್ತು ಪ್ಯಾನ್ ಆ್ಯಮ್ ಸಂಸ್ಥೆಗಳ ಎರಡು ಜಂಬೊ ವಿಮಾನಗಳು ಮಂಜಿನಲ್ಲಿ ಡಿಕ್ಕಿಯಾಗಿ 583 ಮಂದಿ ಸತ್ತರು. ಕೆಎಲ್‌ಎಂ ವಿಮಾನಕ್ಕೆ ಆಗ ಸಿಕ್ಕಿದ್ದು ಮಾರ್ಗದ ಅನುಮತಿ ಮಾತ್ರ, ಏರುವ ಅನುಮತಿ ಅಲ್ಲ. ಆದರೆ ಆ ಮಾರ್ಗದ ಅನುಮತಿಯ ಒಳಗೇ ‘ಟೇಕಾಫ್’ ಎಂಬ ಪದ ಬಂದಿತ್ತು. ಕ್ಯಾಪ್ಟನ್ ಓಟ ಶುರುಮಾಡಿಬಿಟ್ಟರು. ಅದೇ ಗಳಿಗೆಯಲ್ಲಿ ಎರಡು ಕಡೆಯವರು ಒಟ್ಟಿಗೆ ಮಾತಾಡಿದ್ದರಿಂದ ಎಚ್ಚರಿಕೆಯ ಮಾತು ಸರಿಯಾಗಿ ಕೇಳಿಸಲಿಲ್ಲ. ಆ ಬಳಿಕ, ಏರಲು ನಿಜವಾಗಿ ಅನುಮತಿ ಕೊಡುವಾಗ ಅಥವಾ ಅದನ್ನು ರದ್ದುಮಾಡುವಾಗ ಬಿಟ್ಟು ಬೇರೆಲ್ಲೂ ‘ಟೇಕಾಫ್’ ಅನ್ನಬಾರದು, ‘ಡಿಪಾರ್ಚರ್’ ಅನ್ನಬೇಕು ಎಂಬ ಶಿಸ್ತು ನೆಲೆಯೂರಿತು. ಬಸ್ಸಿಗೆ ಮಾರ್ಗದ ಬೋರ್ಡು ಹಾಕಿದ ಮಾತ್ರಕ್ಕೆ ಕಂಡಕ್ಟರ್ ಸೀಟಿ ಊದಿದಂತಲ್ಲ. ಡೆಲಿವರಿ ಕಲಿಯುವವರಿಗೆ ಮೊದಲ ದಿನವೇ ಮನದಟ್ಟಾಗಬೇಕಾದ ವಿಷಯ ಇದು. ಟೆನೆರೀಫ್‌ನ ಕಥೆ ತಿಳಿದವರು ಆ ಪದವನ್ನು ತಪ್ಪಿಯೂ ಬಳಸುವುದಿಲ್ಲ. ಬರೀ ಪಟ್ಟಿ ಉರುಹೊಡೆದವರು ಅವಸರದಲ್ಲಿ ಬಳಸಿಬಿಡಬಹುದು.

ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಇಲ್ಲೇ ತೊಡಕು. ಈ ಕಲಿಕೆಯ ಸಾಮಗ್ರಿ ಹೆಚ್ಚುಕಡಿಮೆ ಎಲ್ಲವೂ ಇಂಗ್ಲಿಷ್‌ನಲ್ಲಿದೆ. ವಿವರಣೆ ಅರೆಬರೆ ಅರ್ಥವಾದಾಗ ವಿದ್ಯಾರ್ಥಿ ಮಾಡುವುದು ಸಹಜವಾದ ಕೆಲಸ: ಮಾದರಿ ವಾಕ್ಯಗಳನ್ನು ಬಾಯಿಪಾಠ ಮಾಡುವುದು. ಮಾದರಿಯಂತೆ ಎಲ್ಲವೂ ನಡೆಯುವವರೆಗೆ ಇದು ಸಾಕಾಗುತ್ತದೆ. ಪೈಲಟ್ ಬೇರೆ ಮಾರ್ಗ ಕೇಳಿದಾಗ, ಒಪ್ಪಿಸುವಾಗ ಎತ್ತರವನ್ನು ತಪ್ಪಾಗಿ ಹೇಳಿದಾಗ ಬಾಯಿಪಾಠ ಕೈಕೊಡುತ್ತದೆ. ವಾಸ್ತವದಲ್ಲಿ ರೇಡಿಯೊದ ನಿಗದಿತ ಭಾಷೆ ತೀರ ಚಿಕ್ಕದು. ಕಾದಂಬರಿ ಓದುವ ಇಂಗ್ಲಿಷ್ ಅಲ್ಲ, ಗೊತ್ತಾದ ಕೆಲವು ನೂರು ಪದಗಳು, ಗೊತ್ತಾದ ಕ್ರಮ. ಇಂಗ್ಲಿಷ್ ಮನೆಮಾತಲ್ಲದವರ ನಾಲಿಗೆಗೂ ಅದರಲ್ಲಿ ಜಾಗ ಇದೆ: ಮೂರನ್ನು ‘ಟ್ರೀ’ ಎಂದೂ ಐದನ್ನು ‘ಫೈಫ್’ ಎಂದೂ ಒಂಬತ್ತನ್ನು ‘ನೈನರ್’ ಎಂದೂ ಸಾವಿರವನ್ನು ‘ಟೌಸೆಂಡ್’ ಎಂದೂ ಉಚ್ಚರಿಸಬೇಕೆಂದು ಅಂತರರಾಷ್ಟ್ರೀಯ ನಿಯಮವೇ ಹೇಳುತ್ತದೆ. ಇಷ್ಟು ಕಲಿಯಲು ಕಾನ್ವೆಂಟ್ ಬೇಕಿಲ್ಲ. ಬೇಕಾದದ್ದು ‘ಹೀಗೇಕೆ’ ಎಂದು ಸಂಕೋಚವಿಲ್ಲದೆ ಕೇಳಬಲ್ಲ, ಉತ್ತರ ಪೂರ್ತಿ ತಿಳಿಯಬಲ್ಲ ಭಾಷೆ. ಹತ್ತನೆಯ ತರಗತಿವರೆಗೆ ಕನ್ನಡದಲ್ಲೇ ಓದಿದವರಿಗೆ ಅದು ಕನ್ನಡ.

ಇದಕ್ಕೆ ಬರುವ ಮೊದಲ ಆಕ್ಷೇಪ, ಇಂಗ್ಲಿಷ್ ಸಾಲದಿದ್ದರೆ ಜೀವಕ್ಕೇ ಅಪಾಯ ಎಂಬುದು, ಗಟ್ಟಿಯಾದದ್ದು. ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿ ಮೇಲೆ ಸೌದಿ ಮತ್ತು ಕಜಾಕಿಸ್ತಾನದ ವಿಮಾನಗಳು ಆಕಾಶದಲ್ಲೇ ಡಿಕ್ಕಿಯಾಗಿ 349 ಮಂದಿ ತೀರಿಕೊಂಡರು. 15,000 ಅಡಿಯಲ್ಲಿ ನಿಲ್ಲಬೇಕಿದ್ದ ಕಜಾಕ್ ವಿಮಾನ ಅದಕ್ಕಿಂತ ಕೆಳಗೆ ಇಳಿದಿತ್ತು; ಅದರ ಸಿಬ್ಬಂದಿಯ ಇಂಗ್ಲಿಷ್ ಸಾಲದಾಗಿತ್ತು ಎಂದು ತನಿಖೆ ನಡೆಸಿದ ಲಾಹೋಟಿ ಆಯೋಗ ಹೇಳಿತು. 1990ರ ಜನವರಿಯಲ್ಲಿ ನ್ಯೂಯಾರ್ಕ್ ಬಳಿ ಬಿದ್ದ ಏವಿಯಾಂಕಾ ವಿಮಾನದ ಸಿಬ್ಬಂದಿ ಇಂಧನ ಮುಗಿಯುತ್ತಿದೆ ಎಂದರೇ ಹೊರತು ‘ಎಮರ್ಜೆನ್ಸಿ’ ಎಂಬ ಪದವನ್ನು ನಿಯಂತ್ರಕರಿಗೆ ಹೇಳಲಿಲ್ಲ. 73 ಜೀವ ಹೋಯಿತು. ಇಂಥ ಅನುಭವಗಳ ಫಲವಾಗಿಯೇ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಆರು ಹಂತಗಳ ಭಾಷಾ ಮಾನದಂಡ ತಂದು, ಕನಿಷ್ಠ ನಾಲ್ಕನೆಯ ಹಂತವನ್ನು 2008ರಿಂದ ಕಡ್ಡಾಯ ಮಾಡಿತು. ಆದ್ದರಿಂದ ಇಂಗ್ಲಿಷನ್ನು ಬದಿಗಿಡಿ ಎಂದು ಹೇಳುವವರು ವಿದ್ಯಾರ್ಥಿಗಳಿಗೆ ಮೋಸ ಮಾಡಿದಂತೆ. ನಿಗದಿತ ವಾಕ್ಯಗಳ ಆಚೆ ಸಾದಾ ಇಂಗ್ಲಿಷ್‌ನಲ್ಲಿ ತುರ್ತು ವಿಷಯ ಹೇಳುವ, ಕೇಳುವ ಅಭ್ಯಾಸ ದಿನವೂ ಆಗಬೇಕು. ಆದರೆ ಈ ದುರಂತಗಳು ಇನ್ನೊಂದನ್ನೂ ಹೇಳುತ್ತವೆ: ಪದ ಕಿವಿಗೆ ಬಿದ್ದು ಅದರ ಅರ್ಥವಾಗಲಿ ತೂಕವಾಗಲಿ ತಿಳಿಯದೆ ಹೋದರೆ ಅಪಾಯ ತಪ್ಪುವುದಿಲ್ಲ. ಆ ತೂಕವನ್ನು ತಿಳಿಸುವುದೇ ತಾಯ್ನುಡಿಯ ಪಾಠದ ಕೆಲಸ. ಇನ್ನು ಉಚ್ಚಾರಣೆಯ ಅಳುಕು. ಹಕಾರ ಜಾರುವ ನಮ್ಮ ಸೀಮೆಯ ಮಾತಿಗೆ ನಗುವವರಿದ್ದಾರೆ. ಆದರೆ ನಾಲ್ಕನೆಯ ಹಂತದ ನಿಯಮ ತಾಯ್ನುಡಿಯ ಛಾಯೆಯನ್ನು ಒಪ್ಪುತ್ತದೆ, ಅದು ಅರ್ಥಕ್ಕೆ ಪದೇ ಪದೇ ಅಡ್ಡಿಯಾಗಬಾರದು ಎಂದಷ್ಟೇ ಕೇಳುತ್ತದೆ. ಕೆನಡಾದ ಕ್ವಿಬೆಕ್‌ನಲ್ಲಿ 1976ರಲ್ಲಿ ರೇಡಿಯೊದಲ್ಲೇ ಫ್ರೆಂಚ್ ಬೇಕೆಂಬ ಬೇಡಿಕೆ ದೊಡ್ಡ ಜಗಳವಾಗಿ, ಎರಡೂ ಭಾಷೆ ಬಳಸಿದರೆ ಸುರಕ್ಷತೆಗೆ ಧಕ್ಕೆಯಿಲ್ಲ ಎಂದು 1979ರಲ್ಲಿ ತನಿಖಾ ಆಯೋಗ ಹೇಳಿತು. ಇಲ್ಲಿ ಕೇಳುತ್ತಿರುವುದು ಅದಕ್ಕಿಂತ ಎಷ್ಟೋ ಕಡಿಮೆ: ತರಗತಿಯಲ್ಲಿ ಕನ್ನಡ, ರೇಡಿಯೊದಲ್ಲಲ್ಲ.

ಎರಡನೆಯ ಆಕ್ಷೇಪ, ಇದೆಲ್ಲ ಆಟ ಎಂಬುದು. ನಿಜ, ಹವ್ಯಾಸಿ ಜಾಲದ ದರ್ಜೆ ಲೈಸೆನ್ಸ್ ಅಲ್ಲ. ಅಲ್ಲಿ ಕಲಿತ ಅಡ್ಡ ಅಭ್ಯಾಸಗಳನ್ನು ಮುಂದೆ ಬಿಡಿಸುವುದೂ ಕಷ್ಟ. ಡೆಲಿವರಿಯಿಂದಲೇ ಶುರುಮಾಡಬೇಕು ಎನ್ನುವುದು ಅದಕ್ಕಾಗಿಯೇ. ರನ್‌ವೇಯ ಗಡಿಬಿಡಿಯಿಲ್ಲದ ಈ ಸ್ಥಾನದಲ್ಲಿ ತಪ್ಪನ್ನು ಅಲ್ಲೇ ತಿದ್ದಲು ಸಮಯವಿರುತ್ತದೆ. ದೊಡ್ಡ ನಿಲ್ದಾಣಗಳಲ್ಲಿ ಈಗ ಈ ಅನುಮತಿಯನ್ನು ಡೇಟಾ ಲಿಂಕ್ ಮೂಲಕ ಬರಹದಲ್ಲೇ ಕಳಿಸುತ್ತಾರಲ್ಲ, ಮಾತು ಕಲಿತು ಏನು ಫಲ ಎಂದೂ ಕೇಳಬಹುದು. ಬರಹದಲ್ಲಿ ಕಳಿಸುವಾಗಲೂ ಮಾರ್ಗ ಸರಿಯೇ, ಎತ್ತರ ಸರಿಯೇ ಎಂದು ತೂಗಿ ನೋಡುವವರು ಮನುಷ್ಯರೇ. ಯಂತ್ರ ಕೆಟ್ಟ ದಿನ ಮತ್ತೆ ಮಾತೇ ಗತಿ.

ಮೂರನೆಯದು ಉದ್ಯೋಗದ ಪ್ರಶ್ನೆ. ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರ ನಿಯಂತ್ರಕರ ನೇಮಕಕ್ಕೆ ಕೇಳುವುದು ಭೌತಶಾಸ್ತ್ರ ಮತ್ತು ಗಣಿತ ಓದಿದ ಬಿ.ಎಸ್ಸಿ. ಅಥವಾ ಎಂಜಿನಿಯರಿಂಗ್ ಪದವಿ. ಇಂಗ್ಲಿಷ್ ವಿಷಯದಲ್ಲಿ ಪಿಯುಸಿ ಮಟ್ಟದ ಜ್ಞಾನ. ಆಯ್ಕೆಯ ಹಂತದಲ್ಲಿ ಧ್ವನಿ ಪರೀಕ್ಷೆಯೂ ಇದೆ. ಹುದ್ದೆಗಳು ಕಡಿಮೆ, ಪೈಪೋಟಿ ಹೆಚ್ಚು. ಸಿಮ್ಯುಲೇಟರ್ ಕಲಿತವರಿಗೆಲ್ಲ ಕೆಲಸ ಸಿಗುತ್ತದೆ ಎನ್ನುವುದು ಸುಳ್ಳು ಭರವಸೆ. ಆದರೆ ಗಡಿ ಜಿಲ್ಲೆಯ ಕಾಲೇಜುಗಳಲ್ಲಿ ಈ ಅರ್ಹತೆ ಪಡೆದು ಹೊರಬರುವ ಎಷ್ಟೋ ಮಂದಿಗೆ ಇಂಥದೊಂದು ವೃತ್ತಿ ಇದೆ ಎಂಬುದೇ ತಿಳಿಯದಿದ್ದರೆ, ಪೈಪೋಟಿ ಶುರುವಾಗುವ ಮೊದಲೇ ಅವರು ಹೊರಗುಳಿದಂತೆ. ಕೆಲಸ ಸಿಗದಿದ್ದರೂ ಗಮನವಿಟ್ಟು ಕೇಳುವ, ಕೇಳಿದ್ದನ್ನು ತಿರುಗಿ ಹೇಳಿ ಖಚಿತಪಡಿಸಿಕೊಳ್ಳುವ ರೂಢಿ ಆಸ್ಪತ್ರೆಯಲ್ಲೂ ವಿದ್ಯುತ್ ಕೇಂದ್ರದಲ್ಲೂ ಬೆಲೆಯುಳ್ಳದ್ದೇ.

ಖರ್ಚೂ ದೊಡ್ಡದಲ್ಲ. ಜಾಲದ ಸದಸ್ಯತ್ವ ಉಚಿತ. ಕಾಲೇಜಿನಲ್ಲಿರುವ ಒಂದೆರಡು ಕಂಪ್ಯೂಟರ್, ಹೆಡ್‌ಫೋನ್, ಸಾಧಾರಣ ಇಂಟರ್ನೆಟ್ ಇದ್ದರೆ ಡೆಲಿವರಿ ಅಭ್ಯಾಸಕ್ಕೆ ಸಾಕು. ಜಾಲಕ್ಕೆ ಸೇರುವ ಮುನ್ನ ಇಬ್ಬರು ವಿದ್ಯಾರ್ಥಿಗಳು ಬೆನ್ನು ತಿರುಗಿಸಿ ಕೂತು, ಒಬ್ಬರು ಅನುಮತಿ ಓದಿ ಇನ್ನೊಬ್ಬರು ಬರೆದುಕೊಂಡು ಒಪ್ಪಿಸಿದರೂ ಅರ್ಧ ಪಾಠ ಮುಗಿಯುತ್ತದೆ. ಇಲ್ಲದಿರುವುದು ಕನ್ನಡದ ಒಂದು ಒಳ್ಳೆಯ ಕೈಪಿಡಿ. ಚಾಮರಾಜನಗರ ಮತ್ತು ಗುಂಡ್ಲುಪೇಟೆಯ ಕಾಲೇಜುಗಳ ಭೌತಶಾಸ್ತ್ರ ಹಾಗೂ ಇಂಗ್ಲಿಷ್ ವಿಭಾಗಗಳು ಕೂಡಿ, ನಿವೃತ್ತ ನಿಯಂತ್ರಕರ ಸಲಹೆ ಪಡೆದು ಅದನ್ನು ಬರೆಯಬೇಕು. ಬರುವ ಶೈಕ್ಷಣಿಕ ವರ್ಷದಲ್ಲೇ ವಾರಕ್ಕೊಂದು ಅವಧಿ ಇದಕ್ಕೆಂದು ಮೀಸಲಿಡಬೇಕು.