ಎಲೆಯಿಂದ ಎಲೆಗೆ ಸುದ್ದಿ

ಹುಳುವೊಂದು ಎಲೆ ಕತ್ತರಿಸಿ ತಿನ್ನುತ್ತಿದೆ. ಆ ಸುದ್ದಿ ಗಿಡದ ಬೇರೆ ಎಲೆಗಳಿಗೆ ತಿಳಿಯುತ್ತದೆಯೆ? ಗಿಡಕ್ಕೆ ನರವಿಲ್ಲ, ಮಿದುಳಿಲ್ಲ ಎಂದು ಏಳನೇ ತರಗತಿಯವರೂ ಹೇಳಬಲ್ಲರು. ಆದರೂ ಹುಳು ಮುಟ್ಟದ ಎಲೆಗಳು ಸಹ ರಕ್ಷಣೆಗೆ ಸಜ್ಜಾಗುತ್ತವೆ. ಸುದ್ದಿ ಒಯ್ದವರು ಯಾರು?

2018ರಲ್ಲಿ ಅಮೆರಿಕದ ವಿಸ್ಕಾನ್ಸಿನ್-ಮ್ಯಾಡಿಸನ್ ವಿಶ್ವವಿದ್ಯಾಲಯದ ಸೈಮನ್ ಗಿಲ್‌ರಾಯ್, ಜಪಾನಿನ ಮಸಾತ್ಸುಗು ಟೊಯೋಟ ಮತ್ತು ಸಂಗಡಿಗರು ಇದನ್ನು ಕಣ್ಣಿಗೆ ಕಾಣುವಂತೆ ತೋರಿಸಿದರು. ಗಿಡ ಅರಾಬಿಡಾಪ್ಸಿಸ್, ನಮ್ಮ ಸಾಸಿವೆಯ ಕುಟುಂಬದ್ದೇ. ಅನುಮಾನ ಗ್ಲುಟಮೇಟ್ ಎಂಬ ಅಮೈನೊ ಆಮ್ಲದ ಮೇಲೆ. ಗೋಬಿ ಮಂಚೂರಿಗೆ ಹಾಕುವ ಟೇಸ್ಟಿಂಗ್ ಪೌಡರ್ ಇದರದೇ ಸೋಡಿಯಂ ಲವಣ. ನಮ್ಮ ಮಿದುಳಿನಲ್ಲಿ ನರಕೋಶದಿಂದ ನರಕೋಶಕ್ಕೆ ಸಂದೇಶ ದಾಟಿಸುವುದೂ ಇದೇ.

ಎಲೆಯನ್ನು ಅರೆದು ರಸದಲ್ಲಿ ಗ್ಲುಟಮೇಟ್ ಅಳೆಯಬಹುದು. ಆದರೆ ಅದು ಯಾವ ಕ್ಷಣದಲ್ಲಿ ಎಲ್ಲಿತ್ತೆಂಬುದು ಅರೆದ ಮೇಲೆ ತಿಳಿಯುವುದಿಲ್ಲ. ಜೀವಂತ ಎಲೆಯಲ್ಲೇ ನೋಡಲು ಒದಗಿದ್ದು ಎರಡು ಜೀವಿಗಳಿಂದ ಕೂಡಿಸಿದ ಒಂದು ಪ್ರೋಟೀನು. ಒಂದು ಭಾಗ ಇ. ಕೋಲಿ ಬ್ಯಾಕ್ಟೀರಿಯಾದ್ದು, ಗ್ಲುಟಮೇಟ್ ಸಿಕ್ಕರೆ ಚಿಪ್ಪು ಮುಚ್ಚಿದಂತೆ ಹಿಡಿದುಕೊಳ್ಳುತ್ತದೆ. ಇನ್ನೊಂದು ಭಾಗ ಲೋಳೆಮೀನಿನ ಹಸಿರು ಪ್ರೋಟೀನಿನ ತಿದ್ದಿದ ರೂಪ (2008ರ ರಸಾಯನಶಾಸ್ತ್ರದ ನೊಬೆಲ್ ಈ ಹಸಿರು ಪ್ರೋಟೀನಿನ ಕೆಲಸಕ್ಕೇ ಬಂದದ್ದು). ಹಿಡಿತ ಬಿಗಿಯಾದೊಡನೆ, ನೀಲಿ ಬೆಳಕು ಬಿದ್ದಾಗ ಹಸಿರು ಹೊಳಪು ಹೆಚ್ಚುತ್ತದೆ. ಇದರ ಜೀನನ್ನು ಸೇರಿಸಿದರೆ ಗಿಡ ತಾನೇ ಈ ಪ್ರೋಟೀನನ್ನು ತಯಾರಿಸಿಕೊಳ್ಳುತ್ತದೆ.

ಎಲೆಯನ್ನು ಕತ್ತರಿಸಿದೊಡನೆ ಗಾಯದ ಬಳಿ ಹೊಳಪು ಎದ್ದಿತು. ಇಂಥದೇ ಇನ್ನೊಂದು ಪ್ರೋಟೀನಿನ ಮೂಲಕ ಕ್ಯಾಲ್ಸಿಯಂ ಅಲೆಯೂ ಕಂಡಿತು: ಸೆಕೆಂಡಿಗೆ ಸುಮಾರು 1 ಮಿ.ಮೀ. ವೇಗದಲ್ಲಿ ಹೊರಟು, ಒಂದೆರಡು ನಿಮಿಷಗಳಲ್ಲಿ ದೂರದ ಎಲೆಯಲ್ಲಿತ್ತು! ಬರೀ ಗ್ಲುಟಮೇಟ್ ಹಚ್ಚಿದಾಗಲೂ ಅಲೆ ಎದ್ದಿತು. ಗ್ಲುಟಮೇಟಿಗೆ ಓಗೊಡುವ ಎರಡು ಪ್ರೋಟೀನುಗಳು ಇಲ್ಲದ ಗಿಡಗಳಲ್ಲಿ ಮಾತ್ರ ಸುದ್ದಿ ದೂರ ಸಾಗಲಿಲ್ಲ. ನನಗೆ ಈ ಕೊನೆಯ ಪ್ರಯೋಗವೇ ದೊಡ್ಡದೆನಿಸುತ್ತದೆ. ಹೊಳಪು ಕಂಡಿತೆಂದ ಮಾತ್ರಕ್ಕೆ ಅದೇ ಕಾರಣವೆಂದು ಹೇಳಲಾಗದಲ್ಲ!

‘ಹಾಗಾದರೆ ಗಿಡಕ್ಕೆ ನೋವಾಗುತ್ತದೆಯೇ ಸಾರ್?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಸೊಪ್ಪು ಒಲ್ಲದವರಿಗೆ ಒಳ್ಳೆಯ ನೆಪ. ಈ ಪ್ರಯೋಗ ಅದನ್ನು ಹೇಳಿಲ್ಲ. ಸಂದೇಶ ಸಾಗುವುದು ಬೇರೆ, ನೋವನ್ನು ಅನುಭವಿಸುವುದು ಬೇರೆ.

ಹೊಳಪನ್ನು ಮನೆಯಲ್ಲೂ ನೋಡಬಹುದು. ಪಾಲಕ್ ಎಲೆಯನ್ನು ಸರ್ಜಿಕಲ್ ಸ್ಪಿರಿಟ್‌ನಲ್ಲಿ ಅರೆದು ಸೋಸಿ, ಕತ್ತಲೆಯಲ್ಲಿ ನೋಟು ಪರೀಕ್ಷಿಸುವ ನೇರಳೆ ಟಾರ್ಚು ಬಿಡಿ. ಹಸಿರು ರಸ ಕೆಂಪಾಗಿ ಹೊಳೆಯುತ್ತದೆ, ಅದು ಪತ್ರಹರಿತ್ತಿನದು. ದೊಡ್ಡವರು ಜೊತೆಗಿರಲಿ: ಸ್ಪಿರಿಟ್ ಒಲೆಯ ಹತ್ತಿರ ಬೇಡ, ಟಾರ್ಚು ಕಣ್ಣಿಗೆ ಬೇಡ.