ಅರಿವಿನ ಅಂಗಳ: ಎರಡು ರುಜುವಿನ ಔಷಧ



ಕಳೆದ ತಿಂಗಳು ಸಂಘದ ಸಭೆ ಮುಗಿದು ಕಾಫಿ ಕುಡಿಯುತ್ತಿದ್ದಾಗ ಹಿರಿಯ ಸದಸ್ಯರೊಬ್ಬರು ನಮ್ಮನ್ನು ಮೂಲೆಗೆ ಕರೆದರು. ಅವರಿಗೆ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ಇರುವುದು ತಿಳಿದು, ಶಸ್ತ್ರಕ್ರಿಯೆಗೆ ತಾರೀಕೂ ನಿಶ್ಚಯವಾಗಿದೆ. ಅಷ್ಟರಲ್ಲಿ ಯಾರೋ ಅವರ ಮೊಬೈಲಿಗೆ, ಚಿನ್ನದ ಕಣಕ್ಕೆ ಬೆಳಕು ಬಿಟ್ಟರೆ ಕ್ಯಾನ್ಸರ್ ಮಂಗಮಾಯವೆಂಬ ಸುದ್ದಿ ಕಳಿಸಿದ್ದಾರೆ.

“ಏನಪ್ಪಾ, ನೀನು ಓದಿದವನು. ಆಪರೇಶನ್ ಮುಂದೆ ಹಾಕಿ ಒಂದಿಷ್ಟು ಸ್ವರ್ಣಭಸ್ಮ ತಿಂದು ನೋಡಲೇ?” ಎಂದರು.

ನಾವು ಸರಕಾರಿ ಕಚೇರಿಯ ಗುಮಾಸ್ತರು, ವೈದ್ಯರಲ್ಲ. ಆದರೂ ಆ ಪ್ರಶ್ನೆಗೆ ‘ಪರಿಶೀಲನೆಯಲ್ಲಿದೆ’ ಎಂದು ಷರಾ ಬರೆದು ಸುಮ್ಮನಿರಲು ಮನಸ್ಸಾಗಲಿಲ್ಲ. ಓದಿ ತಿಳಿದುಕೊಂಡುದನ್ನು ಅವರಿಗೆ ಹೇಳಿದೆವು, ತಮಗೂ ಹೇಳುತ್ತೇವೆ.

ಸುದ್ದಿಯ ಬುಡದಲ್ಲಿ ಸತ್ಯವಿದೆ. ಅಮೇರಿಕದ ಹ್ಯೂಸ್ಟನ್ ನಗರದ ರೈಸ್ ವಿಶ್ವವಿದ್ಯಾಲಯದಲ್ಲಿ ನವೋಮಿ ಹಾಲಾಸ್ ಮತ್ತು ಜೆನಿಫರ್ ವೆಸ್ಟ್ ಎಂಬ ವಿದುಷಿಯರು ಸಿಲಿಕಾದ ಸೂಕ್ಷ್ಮ ಗುಂಡಿಗೆ ಚಿನ್ನದ ತೆಳುವಾದ ಕವಚ ತೊಡಿಸಿದರು. ಇಂಥ ಒಂದು ಕಣದ ಗಾತ್ರ ಸುಮಾರು 150 ನ್ಯಾನೋಮೀಟರ್. ನಮ್ಮ ತಲೆಗೂದಲಿನ ದಪ್ಪದಲ್ಲಿ ಸುಮಾರು ಐನೂರರಲ್ಲೊಂದು ಪಾಲು. ಇದನ್ನು ತಿನ್ನುವುದಲ್ಲ, ರಕ್ತನಾಳದ ಮೂಲಕ ಕೊಡುವುದು. ಗಡ್ಡೆಯ ರಕ್ತನಾಳಗಳು ಸೋರುವ ಸ್ವಭಾವದವು. ಆದಕಾರಣ ಕಣಗಳು ಅಲ್ಲಿ ನುಸುಳಿ ನೆಲೆಸುತ್ತವೆ.

ಇನ್ನು ಬೆಳಕು. ಕತ್ತಲೆಯಲ್ಲಿ ಬೆರಳುಗಳ ಹಿಂದೆ ಟಾರ್ಚ್ ಹಿಡಿದು ನೋಡಿರಿ, ಕೆಂಪಾಗಿ ಹೊಳೆಯುತ್ತವೆ. ಕೆಂಪು ಬೆಳಕು ಮಾಂಸವನ್ನು ಸ್ವಲ್ಪ ದಾಟುತ್ತದೆ. ಅದರಾಚೆಗಿನ, ಕಣ್ಣಿಗೆ ಕಾಣದ ಅವಕೆಂಪು ಕಿರಣ ಇನ್ನೂ ಒಳಗೆ ಹೋಗುತ್ತದೆ. ಆ ಕಿರಣವನ್ನು ಚಿನ್ನದ ಕವಚ ಹೀರಿ ಕಾಯುತ್ತದೆ. ಆ ಕಾವಿಗೆ ಸುತ್ತಲಿನ ಕ್ಯಾನ್ಸರ್ ಜೀವಕೋಶಗಳು ಸಾಯುತ್ತವೆ.

ನಮ್ಮ ಕಚೇರಿಯಲ್ಲಿ ಎರಡು ರುಜು ಬೀಳದೆ ಬಿಲ್ಲು ಪಾಸಾಗುವುದಿಲ್ಲ. ಇಲ್ಲಿಯೂ ಹಾಗೆಯೇ. ಬರಿಯ ಚಿನ್ನ ತೆಪ್ಪಗಿರುತ್ತದೆ. ಆ ಹದದ ಬರಿಯ ಬೆಳಕೂ ಮೈಯನ್ನು ಸುಡುವುದಿಲ್ಲ. ಎರಡೂ ಒಂದೆಡೆ ಕೂಡಿದರೆ ಮಾತ್ರ ಕೆಲಸ. ಆದುದರಿಂದಲೇ ಅಕ್ಕಪಕ್ಕದ ಆರೋಗ್ಯವಂತ ಭಾಗಕ್ಕೆ ಪೆಟ್ಟು ಕಡಿಮೆ.

2003ರಲ್ಲಿ ಇಲಿಗಳ ಮೇಲಿನ ಪರೀಕ್ಷೆಯ ಫಲ ಪ್ರಕಟವಾಯಿತು. 2019ರಲ್ಲಿ ಮನುಷ್ಯರ ಮೇಲಿನ ಒಂದು ಸಣ್ಣ ಪ್ರಯೋಗದ ವರದಿ ಬಂತು: ಪ್ರಾಸ್ಟೇಟ್ ಕ್ಯಾನ್ಸರಿನ 16 ರೋಗಿಗಳಲ್ಲಿ 15 ಮಂದಿಗೆ ಈ ಚಿಕಿತ್ಸೆ ಯಶಸ್ವಿಯಾಗಿ ನಡೆಯಿತು. ಆದರೆ ಅವರೆಲ್ಲರ ರೋಗ ಆ ಗ್ರಂಥಿಯೊಳಗೇ ಇತ್ತು, ಉಗ್ರವೂ ಆಗಿರಲಿಲ್ಲ. ಮೇಲಾಗಿ ಅವಕೆಂಪು ಕಿರಣವೂ ಹೆಚ್ಚು ಆಳಕ್ಕೆ ಇಳಿಯದು. ಲೇಸರಿನ ತಂತುವನ್ನೇ ಗ್ರಂಥಿಯೊಳಗೆ ಸೇರಿಸಬೇಕಾಯಿತು. ಮೈಯೆಲ್ಲ ಹರಡಿದ ಕ್ಯಾನ್ಸರಿಗೆ ಇದು ಮದ್ದಲ್ಲ.

ಇಷ್ಟು ಕೇಳಿ ಹಿರಿಯರು, “ಹಾಗಾದರೆ ಭಸ್ಮದಿಂದ ಉಪಯೋಗವಿಲ್ಲವೆನ್ನು” ಎಂದರು.

“ರಾಯರೇ, ಈ ಚಿಕಿತ್ಸೆಗೂ ಭಸ್ಮಕ್ಕೂ ಹೆಸರಿನಲ್ಲಷ್ಟೇ ನಂಟು. ಹೊಸ ಚಿಕಿತ್ಸೆ ತಮಗೆ ಒಪ್ಪುವುದೋ ಎಂದು ತಮ್ಮ ಡಾಕ್ಟರನ್ನೇ ಕೇಳೋಣ. ಕೇಳುವುದರಲ್ಲಿ ನಷ್ಟವಿಲ್ಲ, ತಾರೀಕು ತಪ್ಪಿಸುವುದರಲ್ಲಿದೆ” ಎಂದೆವು.

ಅವರು ಬಹಳ ಹೊತ್ತು ಮಾತಾಡಲಿಲ್ಲ. ತಣ್ಣಗಾದ ಕಾಫಿಯನ್ನು ಕುಡಿದು ಮುಗಿಸಿ, “ಒಬ್ಬನೇ ಹೋಗಲು ಅಂಜಿಕೆಯಪ್ಪಾ” ಎಂದರು.

ಮಾರನೆಯ ದಿನವೇ ನಾವು ಒಂದು ದಿನದ ರಜೆಗೆ ಅರ್ಜಿ ಬರೆದುಕೊಟ್ಟೆವು.