ಹೊಲಕ್ಕೆಲ್ಲಾ ಒಂದ ಅಳತಿ ಯಾಕ?

ಅಕ್ಕಂದಿರ, ವೈನಿಯಾರ, ಬಾಣಂತಿಗಿ, ಹಲ್ಲಿಲ್ಲದ ಅಜ್ಜಗ, ದುಡದ ಬಂದ ಹುಡುಗಗ ಒಂದ ಥರದ ಊಟಾ ಬಡಸ್ತೀವೇನು? ಇಲ್ಲ. ಮತ್ತ ಎರಡ ಎಕರೆ ಉಳ್ಳಾಗಡ್ಡಿಗಿ ಈ ಬದುವಿನಿಂದ ಆ ಬದುವಿನ ತನಕ ಒಂದ ಲೆಕ್ಕದಾಗ ಗೊಬ್ಬರ, ಒಂದ ಲೆಕ್ಕದಾಗ ನೀರು ಕೊಡೂದು ಯಾವ ಶಾಣ್ಯಾತನ?

ಹೊಲ ಒಂದ ಇದ್ರೂ ಮಣ್ಣು ಒಂದಲ್ಲ. ದಿಬ್ಬದ ಮ್ಯಾಲ ಗರಸು. ನೀರು ನಿಲ್ಲಂಗಿಲ್ಲ, ಗಡ್ಡಿ ಸಣ್ಣ. ನಡುವ ಒಳ್ಳೆ ಎರಿ. ತಗ್ಗಿನ್ಯಾಗ ನೀರು ನಿಂತು ಬೇರು ಕೊಳಿತಾವ, ಎಲಿ ಹಳದಿ ಆಗ್ತಾವ. ಹಳದಿ ಕಂಡ ಕೂಡಲೇ ಯೂರಿಯಾ ಉಗ್ತಾರ. ಅಲ್ಲಿ ಬೇಕಾಗಿದ್ದು ಯೂರಿಯಾ ಅಲ್ಲ, ನೀರು ಹೊರಗ ಹೋಗಾಕ ಒಂದು ಕಾಲುವಿ! ಚೀಲದ ರೊಕ್ಕ ಮಾತ್ರ ಮನಿದು.

ಮಡಿ ಮಡಿಗಿ ತಕ್ಕಂಗ ನೀರು, ಗೊಬ್ಬರ, ಔಷಧ ಕೊಡೂದಕ್ಕ ಈಗ ನಿಖರ ಕೃಷಿ ಅಂತ ಹೆಸರಿಟ್ಟಾರ. ಅಂದ ಕೂಡಲೇ ನಮ್ಮ ಗಂಡಸರಿಗಿ ಡ್ರೋನ್ ನೆನಪಾಗ್ತದ. ಡ್ರೋನ್ ಮ್ಯಾಲಿಂದ ಹಳದಿ ತೋರಿಸೀತು. ಯಾಕ ಹಳದಿ ಆತು ಅಂತ ತಿಳಿಬೇಕಂದ್ರ ಗಡ್ಡಿ ಕಿತ್ತು ಬೇರು ನೋಡಬೇಕು. ಅದನ್ನ ದಿನಾ ನೋಡಾಕಿ ಯಾರು? ಕುಕ್ಕರಗಾಲಿಲೆ ಕುಂತು ಕಸ ತಗ್ಯಾಕಿ.

ಸರಕಾರದ ಕಾರ್ಡ್ ಐತಲ್ಲ ಅಂತೀರಿ. 2015ರಾಗ ಶುರುವಾದ ಮಣ್ಣಿನ ಆರೋಗ್ಯ ಕಾರ್ಡ್ ಯೋಜನೆದಾಗ 12 ಅಂಶ ನೋಡ್ತಾರ, ಖರೆ. ಆದ್ರ ನೀರಾವರಿ ಜಮೀನಿನ್ಯಾಗ 2.5 ಹೆಕ್ಟೇರಿಗೆ ಒಂದು ಮಾದರಿ ಅಂತ ಲೆಕ್ಕ. ಅಂದ್ರ ಆರು ಎಕರೆಕ್ಕಿಂತ ಜಾಸ್ತಿ. ಅದರಾಗ ನಮ್ಮ ತಗ್ಗು ಎಲ್ಲಿ, ದಿಬ್ಬ ಎಲ್ಲಿ?

ದಿಬ್ಬ, ನಡು, ತಗ್ಗು ಮೂರೂ ಬ್ಯಾರೆ ಬ್ಯಾರೆ ಮಾಡಿ ಪರೀಕ್ಷಾ ಮಾಡಸ್ರಿ. ಒಂದೊಂದರಾಗ ಎಂಟ-ಹತ್ತ ಕಡೆ ಆರೆಂಟು ಇಂಚು ಅಗದು, ಮಣ್ಣು ಕಲಿಸಿ, ಅರ್ಧ ಕಿಲೋ ಕಟ್ಟಿ ಕೊಡ್ರಿ. ಬದು, ತಿಪ್ಪಿ, ಗಿಡದ ಬುಡದ ಮಣ್ಣು ಬ್ಯಾಡ. ಡ್ರಿಪ್ ಹಾಕೂವಾಗ ಮೂರಕ್ಕೂ ಬ್ಯಾರೆ ವಾಲ್ವ್ ಇಡಸ್ರಿ. ಗಡ್ಡಿ ಕಿತ್ತಾಗ ಯಾವ ಕಡೆ ಎಷ್ಟ ಚೀಲ ಬಂತು ಅಂತ ಹುಡುಗರ ನೋಟಬುಕ್ಕಿನ್ಯಾಗ ಬರದಿಡ್ರಿ. ಇದಕ್ಕ ಲಕ್ಷ ರೂಪಾಯಿ ಮಶಿನ್ ಬೇಕಿಲ್ಲ.

ಆಲಮಟ್ಟಿ ಹಿನ್ನೀರಿನ್ಯಾಗ ಎಷ್ಟೋ ಊರು ಮುಳುಗ್ಯಾವ. ಆ ಕೃಷ್ಣಾ ನೀರನ್ನ ಮುಳವಾಡ ಏತ ನೀರಾವರಿ ಮ್ಯಾಲೆತ್ತಿ ನಮ್ಮ ಕಡೆ ತಂದದ. ಸಿಕ್ಕತಂತ ಎರಿ ಭೂಮಿಗಿ ಸುರುವಿದ್ರ ಒಳಗಿನ ಉಪ್ಪು ಮ್ಯಾಲ ಬಂದು ಸವಳಾಗ್ತದ. ಸವಳಾದ ಹೊಲ ಮಕ್ಕಳಿಗಿ ಏನಂತ ಕೊಡೂದು?

ಅದಕ್ಕ ಹೇಳಾಕತ್ತೀನಿ: ಹೊಲದ ಲೆಕ್ಕಾ ಹಾಕೂವಾಗ ನಾವೂ ಕುಂಡರಬೇಕು. ಡ್ರೋನ್ ಆಮ್ಯಾಲ ಹಾರಸ್ರಿ, ಮೊದಲ ಕಸ ತಗ್ಯಾಕಿನ್ನ ಕೇಳ್ರಿ.